ವಾರಕ್ಕೆ ಮೂರು ತಪ್ಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅಮ್ಮ ಹೇಳುತ್ತಿದ್ದರು. ಹೇಳಲಿ ಬಿಡಿ. ಎಂಟು ವರ್ಷದಿಂದ ಒಂದೇ ಕಂಪ್ಯೂಟರ್ ಆಟವನ್ನು ಕಟ್ಟುತ್ತಲೇ ಇರುವ ಗಂಡನ ಜೊತೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಂಸಾರ ಮಾಡಿ ನೋಡಿ, ಆಮೇಲೆ ನನ್ನ ಸಿಟ್ಟಿನ ಬಗ್ಗೆ ಮಾತಾಡೋಣ.

ಗಂಡನ ಹೆಸರು ಸುಜನ್. ಕೆಲಸ ಐರೋಲಿಯ ಒಂದು ಕಂಪನಿಯಲ್ಲಿ, ಮನೆ ಠಾಣೆ ಶಹರದ ವರ್ತಕ ನಗರದಲ್ಲಿ. ಆಫೀಸು ಬಿಟ್ಟರೆ ಅವನಿಗೆ ಇರುವುದು ಒಂದೇ ಧ್ಯಾನ, 'ಏಳೂರ ಹೊಳೆ'. ಅದು ಆಟದ ಹೆಸರು. ಚೆನ್ನಿ ಎಂಬ ಹುಡುಗಿ ತನ್ನೂರಿನ ಹೊಳೆ ಯಾಕೆ ಬತ್ತಿತು ಎಂದು ಹುಡುಕಿಕೊಂಡು ಏಳು ಊರು ದಾಟಿ ಹೋಗುತ್ತಾಳೆ. ಆಡುವವರು ಚೆನ್ನಿಯೇ ಆಗಬೇಕು. ಅವಳ ಕಾಲಲ್ಲಿ ನಡೆಯಬೇಕು, ಅವಳ ಬಾಯಲ್ಲಿ ಮಾತಾಡಬೇಕು, ಯಾರನ್ನು ನಂಬುವುದು, ಯಾರ ಹತ್ತಿರ ಜಗಳ ಕಾಯುವುದು ಎಂದು ತಾವೇ ತೀರ್ಮಾನಿಸಬೇಕು. ಇದನ್ನು ಮಾಡು ಎಂದು ಅವನಿಗೆ ಯಾರೂ ಹೇಳಿಲ್ಲ. ಮಾಡುತ್ತಾನೆ ಎಂದು ಯಾರೂ ಬಾಯಿ ಬಿಟ್ಟು ಕಾಯುತ್ತಲೂ ಇಲ್ಲ. ಬರೀ ಹವ್ಯಾಸ.

ಹುಮ್ಮಸ್ಸು ಆರದಿರಲಿ ಎಂದು ಅವನು ಮಾಡದ ಉಪಾಯವಿಲ್ಲ. ಫ್ರಿಜ್ಜಿನ ಬಾಗಿಲಿಗೆ ಚಾರ್ಟು ಅಂಟಿಸಿದ. ಕೆಲಸ ಮಾಡಿದ ದಿನ ಹಸಿರು ಚುಕ್ಕೆ, ಮಾಡದ ದಿನ ಕೆಂಪು ಚುಕ್ಕೆ. ಒಂದೇ ತಿಂಗಳಲ್ಲಿ ಫ್ರಿಜ್ಜಿಗೆ ಸಿಡುಬು ಎದ್ದ ಹಾಗೆ ಕಾಣಿಸತೊಡಗಿತು, ನಾನೇ ಕಿತ್ತು ಹಾಕಿದೆ. ದಿನಕ್ಕೆ ಇಪ್ಪತ್ತೇ ನಿಮಿಷ ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟ. ಆ ಇಪ್ಪತ್ತು ನಿಮಿಷವೂ ಹಿಡಿದ ಕೆಲಸ ಮುಗಿಸುವುದು ಹೇಗೆ ಎಂಬ ವಿಡಿಯೋ ನೋಡುವುದರಲ್ಲೇ ಕಳೆದುಹೋಗುತ್ತಿತ್ತು. ಹೊಸ ಕೀಬೋರ್ಡು ತಂದ. ಮೂರನೇ ವರ್ಷ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದ. ಚಿತ್ರ ಬರೆದುಕೊಡುತ್ತಿದ್ದ ಗೆಳೆಯ ಸಮಿತ್ ಮದುವೆಯಾಗಿ ಕಲ್ಯಾಣ್ ಪಟ್ಟಣಕ್ಕೆ ಮನೆ ಬದಲಾಯಿಸಿದವನು, ನಾಲ್ಕನೇ ಊರಿನ ಮನೆಗಳಿಗೆ ಹೆಂಚಿನ ಮಾಡು ಹಾಕುವ ಮೊದಲೇ ಕೈಬಿಟ್ಟ. ಆ ಮಾಡುಗಳನ್ನು ಸುಜನ್ ತಾನೇ ಬರೆದ. ಎಲ್ಲವೂ ಸ್ವಲ್ಪ ಎಡಕ್ಕೆ ವಾಲಿವೆ.

ಪ್ರತಿ ಡಿಸೆಂಬರಿನಲ್ಲಿ ವಾಶಿಯ ಒಂದು ಹಾಲ್‌ನಲ್ಲಿ ಹೀಗೆ ಮನೆಯಲ್ಲೇ ಆಟ ಕಟ್ಟುವವರೆಲ್ಲ ಸೇರಿ ಮೇಳ ನಡೆಸುತ್ತಾರೆ. ನಿಯಮ ಒಂದೇ. ಆಟ ಆರಂಭದಿಂದ ಅಂತ್ಯದವರೆಗೆ ಪೂರ್ತಿ ಇರಬೇಕು, ನವೆಂಬರ್ ಮೂವತ್ತರೊಳಗೆ ಕಳುಹಿಸಬೇಕು. ಸುಜನ್ ಎರಡು ವರ್ಷ ಹೆಸರು ಕೊಟ್ಟು ಎರಡು ವರ್ಷವೂ ಹಿಂದೆ ಸರಿದಿದ್ದ. ಈ ಸಲ ಅವನ ಹೆಸರನ್ನು ನಾನೇ ಕೊಟ್ಟೆ.

"ಈ ಸಲವೂ ಮುಗಿಯದಿದ್ರೆ ಆ ಕಂಪ್ಯೂಟರ್ ಡಬ್ಬವನ್ನು ಗುಜರಿಗೆ, ಭಂಗಾರ್‌ನವನಿಗೆ ಹಾಕ್ತೇನೆ ನೋಡು," ಎಂದೆ.

"ಹಾಕು," ಎಂದ. ಅವನಿಗೆ ಸಿಟ್ಟೇ ಬರುವುದಿಲ್ಲ. ಅದೊಂದು ನನ್ನ ಕರ್ಮ.

ಇನ್ನು ನನ್ನ ಮಾವ ಮುರಾರಿಯವರ ವಿಷಯ. ಅವರು ಅತ್ತೆಯೊಡನೆ ಡೊಂಬಿವಲಿಯಲ್ಲಿದ್ದಾರೆ. ಅಲ್ಲಿ ಸ್ಟೇಷನ್ನಿನ ಹತ್ತಿರ ಮೂವತ್ತೊಂದು ವರ್ಷ ಸಸ್ಯಾಹಾರಿ ಹೊಟೇಲು ನಡೆಸಿದವರು. ಮಗ ಬಂದು ಗಲ್ಲಾದಲ್ಲಿ ಕೂರುತ್ತಾನೆ ಎಂದು ಕಾದರು. ಮಗ ಕೂರಲಿಲ್ಲ. ಆರು ವರ್ಷದ ಹಿಂದೆ ಹೊಟೇಲನ್ನು ಪಾರ್ಟ್‌ನರ್‌ಗೆ ಬಿಟ್ಟುಕೊಟ್ಟು ಮನೆಗೆ ಬಂದರು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಅಪ್ಪ ಮಗನ ನಡುವೆ ಎರಡು ವರ್ಷ ಫೋನಿನಲ್ಲಿ ನಡೆದದ್ದು "ಊಟ ಆಯ್ತಾ?" "ಆಯ್ತು" ಎಂಬ ಎರಡೇ ಮಾತು.

ಹೀಗಿರುವಾಗ ಒಂದು ಭಾನುವಾರ ಅತ್ತೆ ಕಳುಹಿಸಿದ ಹಲಸಿನ ಹಪ್ಪಳ ಕೊಡಲೆಂದು ಮಾವ ನಮ್ಮ ಮನೆಗೆ ಬಂದರು. ಸುಜನ್ ಸ್ನಾನಕ್ಕೆ ಹೋಗಿದ್ದ. ಕಂಪ್ಯೂಟರ್ ತೆರೆದೇ ಇತ್ತು. ಮಾವ ಕುರ್ಚಿಯಲ್ಲಿ ಕೂತು, ಒಂದು ಗುಂಡಿ ಒತ್ತಿದರು. ಚೆನ್ನಿ ಒಂದು ಹೆಜ್ಜೆ ನಡೆದಳು. ಇನ್ನೊಂದು ಒತ್ತಿದರು. ಸುಜನ್ ತಲೆ ಒರೆಸುತ್ತಾ ಹೊರಗೆ ಬಂದಾಗ ಚೆನ್ನಿ ಮೊದಲನೇ ಊರಿನ ಛತ್ರದ ಸುತ್ತ ಎರಡು ಪ್ರದಕ್ಷಿಣೆ ಮುಗಿಸಿದ್ದಳು.

"ಈ ಛತ್ರಕ್ಕೆ ಹಿಂಬಾಗಿಲೇ ಇಲ್ಲವಲ್ಲ," ಎಂದರು ಮಾವ. "ಅಡಿಗೆಯವರು ಎಲ್ಲಿಂದ ಬರುವುದು? ಊಟಕ್ಕೆ ಕೂತವರ ಮಧ್ಯದಿಂದ ಕಟ್ಟಿಗೆ ಹೊತ್ತುಕೊಂಡು ಬರುವುದಾ?"

ಎರಡು ವರ್ಷದಲ್ಲಿ ಅಪ್ಪ ಮಗನಿಗೆ ಹೇಳಿದ ಅತಿ ಉದ್ದದ ಮಾತು ಅದು. ಮುಂದಿನ ಭಾನುವಾರದೊಳಗೆ ಸುಜನ್ ಹಿಂಬಾಗಿಲು ಇಟ್ಟ. ಅದನ್ನು ನೋಡಲು ಮಾವ ಬಂದರು. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಅವರು ಹಾಜರು. ಚೀಟಿಯಲ್ಲಿ ಮೂರು ತಪ್ಪು. ಹಳಿ ರಿಪೇರಿಯ ಮೆಗಾಬ್ಲಾಕ್ ಎಂದು ರೈಲು ಅರ್ಧಕ್ಕರ್ಧ ನಿಂತ ಭಾನುವಾರವೂ ತಪ್ಪಿಸಿದವರಲ್ಲ. ಕಳವಾ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹಿಡಿದು ಬಂದದ್ದುಂಟು.

ತಪ್ಪುಗಳಾದರೂ ಎಂಥವು! ಆಟ ಮೊದಲು ಇಂಗ್ಲಿಷಿನಲ್ಲಿತ್ತು. "ಕನ್ನಡದಲ್ಲಿ ಬರೀಲಿಕ್ಕೆ ಎಂತ ಧಾಡಿ?" ಎಂದು ಮಾವ ಕೇಳಿದರು, ಅಷ್ಟೆ. ಸುಜನ್ ಎಲ್ಲವನ್ನೂ ಕನ್ನಡಕ್ಕೆ ತಂದ. ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಪಕ್ಕಕ್ಕೆ ಬಂದು ಕೂತವು. ಅವನ್ನು ಒಂದೊಂದಾಗಿ ಕೆಳಗೆ ಕೂರಿಸುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು.

ಆಮೇಲೆ ಬಂತು ಪೆಟ್ಟಿಗೆಯ ರಗಳೆ. ಇಂಥ ಆಟಗಳಲ್ಲಿ ಒಂದು ರೂಢಿಯುಂಟಂತೆ. ಯಾರದಾದರೂ ಮನೆಗೆ ನುಗ್ಗಿ, ಅಲ್ಲಿರುವ ಪೆಟ್ಟಿಗೆ ತೆರೆದು, ಸಿಕ್ಕಿದ ಕತ್ತಿಯನ್ನೋ ಬೀಗದ ಕೈಯನ್ನೋ ಎತ್ತಿಕೊಂಡು ಹೋಗುವುದು. ಪ್ರಪಂಚದಲ್ಲಿ ಎಲ್ಲರೂ ಹಾಗೆಯೇ ಆಡುತ್ತಾರಂತೆ. ನನ್ನ ಮಾವ ಆಡಲಿಲ್ಲ. ಎರಡನೇ ಊರಿನ ಒಂದು ಮನೆಯ ಬಾಗಿಲಲ್ಲಿ ಅವರ ಚೆನ್ನಿ ಮೂರು ಭಾನುವಾರ ನಿಂತೇ ಇದ್ದಳು.

"ಒಳಗೆ ಹೋಗಿ ಪೆಟ್ಟಿಗೆ ತೆಗೀರಿ ಅಪ್ಪ. ಅದರಲ್ಲೇ ಕೀಲಿಕೈ ಇರುವುದು," ಎಂದ ಸುಜನ್.

"ಯಾರದ್ದು ಪೆಟ್ಟಿಗೆ?"

"ಆ ಮನೆಯವರದ್ದು."

"ಅವರು ಎಲ್ಲಿದ್ದಾರೆ?"

"ಯಾರೂ ಇಲ್ಲ ಅಪ್ಪ. ಅದು ಆಟ."

"ಯಾರೂ ಇಲ್ಲದಾಗ ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕುವುದಾ? ಒಳ್ಳೇ ಹುಡುಗಿಯನ್ನು ಮಾಡಿದ್ದೀ ನೀನು!"

ಸುಜನ್ ಆ ಮನೆಯಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿದ. ಅಜ್ಜಿ "ತಗೊಂಡು ಹೋಗು ಮಗಾ" ಎನ್ನಬೇಕು. ಸುಮ್ಮನೆ ಯಾಕೆ ಕೊಡುತ್ತಾಳೆ, ಅದಕ್ಕೊಂದು ಕಾರಣ ಬೇಕಲ್ಲ ಎಂದರು ಮಾವ. ಕಾರಣ ಬಂತು, ಕಾರಣದ ಜೊತೆ ಅಜ್ಜಿಯ ಮುನಿಸಿಕೊಂಡ ತಂಗಿ ಬಂದಳು. ಹೀಗೆ ಏಳು ಊರಿನ ತೊಂಬತ್ತಾರು ಪೆಟ್ಟಿಗೆಗಳಿಗೂ ಒಬ್ಬೊಬ್ಬ ಯಜಮಾನ ಬಂದು ಕೂತ. ಆಟ ಮುಗಿಯುವುದಾದರೂ ಹೇಗೆ ಹೇಳಿ? ಆದರೆ ಒಂದು ಮಾತು ಒಪ್ಪಬೇಕು. ಆಟ ಚಂದ ಆದದ್ದು ಅದರಿಂದಲೇ. ಎರಡನೇ ಊರಿನ ಅಜ್ಜಿಯ ಜೊತೆ ಮಾತಾಡಲೆಂದೇ ನಾನೂ ಒಮ್ಮೊಮ್ಮೆ ಕದ್ದು ಕೂರುತ್ತಿದ್ದೆ.

ಈ ವರ್ಷ ನವೆಂಬರ್ ಅರ್ಧಕ್ಕೆ ಬಂದರೂ ಆಟದ ಕೊನೆ ಬರೆದಾಗಿರಲಿಲ್ಲ. ಚೆನ್ನಿ ಮನೆಗೆ ವಾಪಸು ಬರುವ ಒಂದು ದೃಶ್ಯ, ಅಷ್ಟೇ ಬಾಕಿ. ಸುಜನ್ ಮೂರು ಸಲ ಬರೆದು ಮೂರು ಸಲ ಅಳಿಸಿದ್ದ. ಶನಿವಾರ ಸಂಜೆ ನಾನು ಚಹಾ ಕೊಡಲು ಹೋದರೆ ಇವನು ಐದನೇ ಊರಿನ ಕೆರೆಯಲ್ಲಿ ಹೊಸದಾಗಿ ಮೀನು ಬಿಡುತ್ತಾ ಕೂತಿದ್ದಾನೆ. ನನ್ನ ತಲೆ ಕೆಟ್ಟಿತು.

"ಮೀನು ಯಾರು ಕೇಳಿದ್ರು ನಿನ್ನ ಹತ್ರ? ಹದಿನೈದು ದಿನ ಉಂಟು, ಹದಿನೈದೇ ದಿನ! ಒಂದು ದೃಶ್ಯ ಬರೀಲಿಕ್ಕೆ ನಿನಗೆ ಕೈ ನೋವಾ, ಮೈಗಳ್ಳತನವಾ?"

ಅವನು ಮೀನು ಬಿಡುವುದನ್ನು ನಿಲ್ಲಿಸಿದ.

"ಮುಗಿದ ಮೇಲೆ ಅಪ್ಪ ಯಾಕೆ ಬರ್ತಾರೆ, ಅಶ್ಮಿತಾ?" ಎಂದ.

ಅಯ್ಯೋ ದೇವರೇ. ಕೈಯಲ್ಲಿದ್ದ ಚಹಾವನ್ನು ನಾನೇ ಕುಡಿದೆ.

"ಒಂದು ಫೋನ್ ಮಾಡಿ ಕರಿ," ಎಂದೆ ಆಮೇಲೆ.

"ಏನಂತ ಕರೀಲಿ? ಹಾಗೆಲ್ಲ ಕರೆದು ಅಭ್ಯಾಸವೇ ಇಲ್ಲ ನಮಗೆ."

ಗಂಡಸರಿಗೆ ದೇವರು ನಾಲಿಗೆಯನ್ನು ಯಾಕೆ ಕೊಟ್ಟನೋ! ಮಂಗಳವಾರ ನಾನು ಕೆಲಸ ಮಾಡುವ ಘೋಡಬಂದರ್ ರಸ್ತೆಯ ಲ್ಯಾಬಿಗೆ ರಜೆ ಹಾಕಿ ಡೊಂಬಿವಲಿಯ ರೈಲು ಹಿಡಿದೆ. ಮಾವನ ಹತ್ತಿರ ನೇರವಾಗಿ ಮಾತಾಡಿ ಇದನ್ನು ಒಂದು ದಡಕ್ಕೆ ಹಚ್ಚಿಯೇ ಬರುವುದೆಂದು ಹೊರಟಿದ್ದೆ.

ಮಾವ ತರಕಾರಿಗೆ ಹೋಗಿದ್ದರು. ವಾರಿಜಾ ಅತ್ತೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು. ಹೊರಗಿನ ಕೋಣೆಯ ಮೇಜಿನ ಮೇಲೆ ಸುಜನ್‌ನ ಹಳೆಯ ಲ್ಯಾಪ್‌ಟಾಪ್ ತೆರೆದಿತ್ತು. ಊರಿನ ಮದುವೆಗಳ ಫೋಟೋ ನೋಡಲೆಂದು ಅವನು ಎಂದೋ ಕೊಟ್ಟದ್ದು, ಆಮೇಲೆ ಆಟವನ್ನೂ ಅದಕ್ಕೆ ಹಾಕಿಕೊಟ್ಟಿದ್ದ. ತೆರೆಯ ಮೇಲೆ ಫೋಟೋ ಇರಲಿಲ್ಲ, ಚೆನ್ನಿ ಇದ್ದಳು. ಏಳನೇ ಊರಿನ ಗಡಿಯಲ್ಲಿ.

"ದಿನಾ ಬೆಳಿಗ್ಗೆ ಎರಡು ಗಂಟೆ ಅದೇ," ಎಂದರು ಅತ್ತೆ ತುರಿಮಣೆಯಿಂದಲೇ. "ಕಾಫಿ ಆರಿ ಹೋದ್ರೂ ಗೊತ್ತಾಗುದಿಲ್ಲ. ಆ ಪೆನ್ನು ಒಂದು, ಪುಸ್ತಕ ಒಂದು."

ಪುಸ್ತಕ ಪಕ್ಕದಲ್ಲೇ ಇತ್ತು. ಮಾವ ಆಗಿದ್ದರೆ ಮುಟ್ಟುತ್ತಿರಲಿಲ್ಲ. ನಾನು ತೆರೆದೆ, ನನಗೆ ಅಂಥ ಸಂಕೋಚವೆಲ್ಲ ಇಲ್ಲ. ಪ್ರತಿ ಪುಟದ ತಲೆಯಲ್ಲಿ ಒಂದು ಭಾನುವಾರದ ತಾರೀಖು, ಕೆಳಗೆ ಮೂರು ತಪ್ಪು. ಕಳೆದ ಭಾನುವಾರದ ಪುಟ ಸಿಕ್ಕಿತು. ಮುಂದೆ ಪುಟ ಖಾಲಿ ಇರಬೇಕಲ್ಲ? ಇರಲಿಲ್ಲ. ಬರುವ ಭಾನುವಾರದ್ದಿತ್ತು. ಅದರ ಮುಂದಿನದ್ದಿತ್ತು. ಡಿಸೆಂಬರ್, ಜನವರಿ, ಫೆಬ್ರವರಿ. ಮಗುಚುತ್ತಾ ಹೋದೆ. ಏಪ್ರಿಲ್ ಕೊನೆಯವರೆಗೆ ಎಲ್ಲ ಭಾನುವಾರಕ್ಕೂ ಮೂರು ಮೂರು ತಪ್ಪುಗಳು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಾಗಿತ್ತು.

ಇವರು ಎಲ್ಲ ತಪ್ಪನ್ನೂ ಯಾವಾಗಲೋ ಹುಡುಕಿ ಮುಗಿಸಿದ್ದಾರೆ! ವಾರಕ್ಕೆ ಮೂರರಂತೆ ಅಳೆದು ಬಡಿಸುತ್ತಿದ್ದಾರೆ!

ಅಷ್ಟರಲ್ಲಿ ಮಾವ ಬಂದರು. ಒಂದು ಕೈಯಲ್ಲಿ ಬಸಳೆ, ಒಂದು ಕೈಯಲ್ಲಿ ಚಪ್ಪಲಿ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದವರು ಬಸಳೆಯನ್ನು ನೆಲದ ಮೇಲಿಟ್ಟು, ಚಪ್ಪಲಿಯನ್ನು ಮೇಜಿನ ಮೇಲಿಟ್ಟರು.

"ಇದೆಂಥದು ಮಾವ?"

"ತಪ್ಪುಗಳು."

"ಅದು ಗೊತ್ತಾಯ್ತು. ಏಪ್ರಿಲ್‌ದು ಇವತ್ತೇ ಹೇಗೆ ಗೊತ್ತಾಯ್ತು ನಿಮಗೆ? ಎಲ್ಲ ಒಟ್ಟಿಗೆ ಕೊಡ್ಲಿಕ್ಕೆ ಏನಾಗಿತ್ತು? ಅವನಿಗೆ ಈ ಮೂವತ್ತಕ್ಕೆ ಮುಗಿಸ್ಲಿಕ್ಕೆ ಉಂಟು, ನಿಮಗೆ ಗೊತ್ತಿಲ್ವಾ?"

ಮಾವ ಕುರ್ಚಿಯಲ್ಲಿ ಕೂತರು. ಮೂವತ್ತೊಂದು ವರ್ಷ ಗಲ್ಲಾದಲ್ಲಿ ಕೂತು ಎಂಥೆಂಥ ಗಿರಾಕಿಗಳನ್ನೋ ಸಂಭಾಳಿಸಿದವರು, ನನ್ನೆದುರು ಕಣ್ಣು ತಪ್ಪಿಸಿದರು.

"ಎಲ್ಲ ಒಟ್ಟಿಗೆ ಕೊಟ್ರೆ ಮುಂದಿನ ವಾರ ನಾನು ಎಂತ ಹೇಳಿ ಬರುವುದು, ಅಶ್ಮಿ?"

"ಮಗನ ಮನೆ ಮಾವ! ಊಟಕ್ಕೆ ಬನ್ನಿ. ನಾನು ಕರೀತಾ ಇದ್ದೇನೆ."

"ನೀನು ಕರೀತೀ, ಗೊತ್ತುಂಟು. ಅವ ಕರೀಬೇಕಲ್ಲ." ಮೇಜಿನ ಮೇಲಿದ್ದ ಚಪ್ಪಲಿಯನ್ನು ಕೆಳಗಿಡುತ್ತಾ ಹೇಳಿದರು, "ಹೊಟೇಲಿಗೆ ಬಾ ಬಾ ಅಂತ ನಾನು ಅವನನ್ನು ಬೇಕಾದಷ್ಟು ಕರೆದಾಯ್ತು. ಈಗ ಅವನ ಮನೆಗೆ ನಾನೇ ಕರೆಸಿಕೊಂಡು ಹೋಗುವುದು ಬೇಡ. ತಪ್ಪು ತೋರಿಸ್ಲಿಕ್ಕೆ ಹೋದ್ರೆ ಅದು ಕೆಲಸ. ಕೆಲಸಕ್ಕೆ ಕರೀಬೇಕಂತ ಇಲ್ಲ."

ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಅಲ್ಲಿ ಮಗ ಹಾಗೆ, ಇಲ್ಲಿ ಅಪ್ಪ ಹೀಗೆ. ಇವರಿಬ್ಬರ ಪ್ರೀತಿಯ ನಡುವೆ ನನ್ನ ನಾಲ್ಕು ವರ್ಷದ ಭಾನುವಾರಗಳು ಚಟ್ನಿ!

"ಪುಸ್ತಕ ತಗೊಂಡು ಹೋಗ್ತೇನೆ," ಎಂದೆ.

ಮಾವ ಲ್ಯಾಪ್‌ಟಾಪ್ ಮುಚ್ಚಿದರು. "ತಗೊಂಡು ಹೋಗು. ಅವ ಮುಗಿಸ್ಲಿ. ಎಂಟು ವರ್ಷ ಬಿಡದೆ ಮಾಡಿದ್ದಾನೆ, ಸಣ್ಣ ಮಾತಲ್ಲ ಅದು. ಒಂದೇ, ತಾರೀಖು ತೋರಿಸಬೇಡ ಅವನಿಗೆ. ಬೇರೆ ಕಾಗದದಲ್ಲಿ ಬರೆದು ಕೊಡು."

"ಆಯ್ತು ಮಾವ," ಎಂದು ಮಾತು ಕೊಟ್ಟೆ.

ಮನೆಗೆ ಬಂದವಳೇ ಪುಸ್ತಕವನ್ನು ತಾರೀಖು ಸಮೇತ ಸುಜನ್‌ನ ಕೀಬೋರ್ಡಿನ ಮೇಲಿಟ್ಟೆ. ಕೊಟ್ಟ ಮಾತು ಮುರಿದೆ, ಮುರಿದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಅವನು ಮೊದಲ ಪುಟಗಳನ್ನು ಸುಮ್ಮನೆ ಓದಿದ. ಡಿಸೆಂಬರಿಗೆ ಬಂದಾಗ ಕೈ ನಿಧಾನವಾಯಿತು. ಏಪ್ರಿಲಿಗೆ ಬಂದ. ಪುಸ್ತಕ ಮುಚ್ಚಿ, ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಸುಮಾರು ಹೊತ್ತು ಸುರಿಯುತ್ತಲೇ ಇತ್ತು. ಮಾಮೂಲಿ ದಿನವಾಗಿದ್ದರೆ ನೀರು ಹಾಳು ಮಾಡಬೇಡ ಎಂದು ನಾನು ಬಾಗಿಲು ಬಡಿಯುತ್ತಿದ್ದೆ. ಹೊರಗೆ ಬಂದವನು ಮುಖ ಒರೆಸಿಕೊಂಡು ಕುರ್ಚಿ ಎಳೆದು ಕೂತ.

ಅಂಥ ಹನ್ನೆರಡು ದಿನಗಳನ್ನು ನಾನು ನೋಡಿಲ್ಲ. ಚಾರ್ಟಿಲ್ಲ, ಅಲಾರಂ ಇಲ್ಲ, ವಿಡಿಯೋ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ, ಆಫೀಸಿನಿಂದ ಬಂದು ಎರಡು ಗಂಟೆ. ಒಂದೊಂದು ತಪ್ಪು ತಿದ್ದಿದಾಗಲೂ ಪುಸ್ತಕದಲ್ಲಿ ಅದರ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ನಡುವೆ ಬಂದ ಎರಡು ಭಾನುವಾರ ಮಾವನೂ ಪಕ್ಕದಲ್ಲೇ ಕೂತರು. ಪುಸ್ತಕ ಇಬ್ಬರ ನಡುವೆ ಮೇಜಿನ ಮೇಲಿತ್ತು, ತಾರೀಖುಗಳು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು, ಇಬ್ಬರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಇಪ್ಪತ್ತೊಂಬತ್ತರಂದು ಸುಜನ್ ಕೊನೆಯ ದೃಶ್ಯ ಬರೆದ. ಚೆನ್ನಿ ಊರಿಗೆ ಬರುತ್ತಾಳೆ, ಅವಳ ಹಿಂದೆಯೇ ಹೊಳೆಯ ನೀರೂ ಬರುತ್ತದೆ. ಮೂವತ್ತರ ಭಾನುವಾರ ಮಧ್ಯಾಹ್ನ, ಮಾವ ಪಕ್ಕದಲ್ಲಿರುವಾಗಲೇ ಆಟವನ್ನು ಕಳುಹಿಸಿದ.

"ಹೋಯ್ತಾ?" ಎಂದರು ಮಾವ.

"ಹೋಯ್ತು."

"ಸರಿ ಹಾಗಾದ್ರೆ," ಎಂದು ಮಾವ ಎದ್ದು ಕನ್ನಡಕ ಜೇಬಿಗೆ ಹಾಕಿಕೊಂಡರು.

ಮೇಳದ ದಿನ ವಾಶಿಗೂ ಬಂದರು. ಜನ ಬಂದು ಆಡಿದರು. ಜೀನ್ಸು ತೊಟ್ಟ ಒಬ್ಬಳು ಮರಾಠಿ ಹುಡುಗಿಗೆ ಕನ್ನಡ ಬಾರದು. ಮಾವ ಅವಳ ಹಿಂದೆ ನಿಂತು ಅಜ್ಜಿಯ ಮಾತನ್ನು ಮರಾಠಿಯಲ್ಲಿ ಹೇಳಿಕೊಟ್ಟರು. "ಕಾಕಾ, ಆಜಿ ಖೂಪ್ ಗೋಡ್ ಆಹೇ," ಎಂದಳು ಅವಳು, ಅಜ್ಜಿ ಬಹಳ ಮುದ್ದಾಗಿದ್ದಾಳೆ ಎಂದು. ಮಾವ ಆ ಅಜ್ಜಿಯನ್ನು ತಾವೇ ಹೆತ್ತವರಂತೆ ನಾಚಿದರು. ಬಹುಮಾನ ಗಿಹುಮಾನ ಏನೂ ಬರಲಿಲ್ಲ. ಸುಜನ್‌ಗೆ ಅದರ ಚಿಂತೆಯೂ ಇರಲಿಲ್ಲ. ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಮಾವ ಡೊಂಬಿವಲಿಯ ಗಾಡಿ ಹತ್ತುವಾಗ ಅಪ್ಪನಾಗಲಿ ಮಗನಾಗಲಿ ಮುಂದಿನ ವಾರದ ಮಾತೆತ್ತಲಿಲ್ಲ. ನಾನು ಸುಜನ್‌ನ ಪಕ್ಕೆಗೆ ತಿವಿದೆ. ಗಾಡಿ ಹೊರಟುಹೋಯಿತು.

ಮುಂದಿನ ಭಾನುವಾರ ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಸುಜನ್ ಎರಡು ಸಲ ಬಾಲ್ಕನಿಗೆ ಹೋಗಿ ಬಂದ. ಮೆಗಾಬ್ಲಾಕ್ ಇದೆಯೇನೋ ಎಂದು ಮೊಬೈಲಿನಲ್ಲಿ ನೋಡಿದ. ಇರಲಿಲ್ಲ. ಹನ್ನೊಂದಕ್ಕೆ ಪೇಪರ್ ಹಿಡಿದು ಕೂತ, ಒಂದೇ ಪುಟ ಇಪ್ಪತ್ತು ನಿಮಿಷ ಓದಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ಬೀನ್ಸ್ ಮುರಿಯುತ್ತಿದ್ದೆ. ದೇವರಾಣೆಗೂ ನಾನು ಒಂದು ಮಾತೂ ಆಡಲಿಲ್ಲ.

ಹನ್ನೊಂದೂವರೆಗೆ ಅವನು ಎದ್ದು ಶರ್ಟು ಬದಲಾಯಿಸಿದ.

"ಎಲ್ಲಿಗೆ?"

"ಡೊಂಬಿವಲಿಗೆ."

ನೋಡಿದರೆ ಬ್ಯಾಗಿಗೆ ಲ್ಯಾಪ್‌ಟಾಪ್ ತುಂಬಿಸುತ್ತಿದ್ದಾನೆ. "ಎಂಟನೇ ಊರು ಒಂದು ಮಾಡಬಹುದಾ ಅಂತ ಅಪ್ಪನ ಹತ್ರ ಕೇಳ್ತೇನೆ," ಎಂದ, ನನ್ನ ಮುಖ ನೋಡದೆ.

ಬ್ಯಾಗು ಕಸಿದುಕೊಂಡು ಲ್ಯಾಪ್‌ಟಾಪ್ ಹೊರಗೆ ತೆಗೆದೆ. "ಎಂಟನೇ ಊರೂ ಬೇಡ, ಒಂಬತ್ತನೇದೂ ಬೇಡ. ಕೈ ಬೀಸಿಕೊಂಡು ನಡಿ. ನಾನೂ ಬರ್ತೇನೆ."

ರೈಲಿನಲ್ಲಿ ಅವನು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಸರಳು ಹಿಡಿದು ಕೂತಿದ್ದ. ದಿವಾ ದಾಟಿತು, ಕೋಪರ್ ದಾಟಿತು. ಡೊಂಬಿವಲಿಯಲ್ಲಿ ಇಳಿದು, ಮೂರು ಮಹಡಿ ಹತ್ತಿ ಬೆಲ್ ಒತ್ತಿದೆವು.

ಬಾಗಿಲು ತೆರೆದವರು ಮಾವ. ಹೊರಗೆ ಹೊರಡುವ ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ವಾಚು. ಬೆಳಿಗ್ಗೆಯೇ ತಯಾರಾಗಿ ಕೂತವರು, ಹೊರಡದೆ, ಬಟ್ಟೆಯನ್ನೂ ಬದಲಾಯಿಸದೆ ಹಾಗೆಯೇ ಇದ್ದರು. ಮಗನನ್ನು ಕಂಡು ಗಾಬರಿಯಾದರು.

"ಎಂತ ಆಯ್ತು? ಗೇಮ್ ಹಾಳಾಯ್ತಾ?"

"ಇಲ್ಲ ಅಪ್ಪ."

"ಲ್ಯಾಪ್‌ಟಾಪ್ ಎಲ್ಲಿ?"

"ತರಲಿಲ್ಲ."

"ಮತ್ತೆ?"

ಸುಜನ್ ನನ್ನ ಕಡೆ ನೋಡಿದ. ನಾನು ಬೇಕೆಂದೇ ಮೆಟ್ಟಿಲ ಕಡೆ ತಿರುಗಿ ನಿಂತೆ.

"ಸುಮ್ಮನೆ ಬಂದೆ ಅಪ್ಪ," ಎಂದ. "ನೀವು ಬರಲಿಲ್ಲವಲ್ಲ. ನಿಮ್ಮನ್ನು ನೋಡುವ ಅಂತ."

ಮಾವ ಬಾಗಿಲ ಚಿಲಕವನ್ನು ಹಿಡಿದೇ ನಿಂತಿದ್ದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ವಾರಿಜಾ, ಸುಜನ್ ಬಂದಿದ್ದಾನೆ!" ಎಂದು ಕೂಗಿದರು. "ಕೆಲಸ ಎಂತ ಇಲ್ಲವಂತೆ, ಸುಮ್ಮನೆ ಬಂದದ್ದಂತೆ!"

ಎದುರು ಮನೆಯ ಬಾಗಿಲು ತೆರೆದಿತ್ತು. ಅತ್ತೆಗೆ ಮೊದಲನೇ ಸಲವೇ ಕೇಳಿಸಿತ್ತು. ಆದರೂ ಮಾವ ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು, ಅದನ್ನೇ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದರು.